ಹೊರಟವರು ಗೇಟು ದಾಟುವವರೆಗೆ

ಮುತ್ಯಾಲಮ್ಮ ನೂರಾ ಹದಿನಾಲ್ಕನೇ ಕೋಣೆಯ ಎರಡೂ ಮಂಚಗಳಿಂದ ಹಾಸು ತೆಗೆದರು. ದಿಂಬಿನ ಚೀಲಗಳನ್ನು ಕಳಚಿ, ಎಲ್ಲವನ್ನೂ ಒಂದೇ ಗಂಟು ಕಟ್ಟಿ ಬಾಗಿಲಾಚೆ ಇಟ್ಟರು. ಕಿಟಕಿ ತೆರೆದರು. ಓದುವ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಮೇಜಿನ ಮೇಲೆ ಯಾರೋ ಬಿಟ್ಟುಹೋಗಿದ್ದ ಅರ್ಧ ಪ್ಯಾಕೆಟ್ ಬಿಸ್ಕತ್ತನ್ನು ಎತ್ತಿ ಕಿಟಕಿಯ ಕಟ್ಟೆಗಿಟ್ಟರು. ನೆಲದ ಮೇಲೆ ಒಂದಿಷ್ಟು ಕೂದಲು, ಕಡ್ಲೆಕಾಯಿ ಸಿಪ್ಪೆ, ಒಂದು ಬಸ್ ಟಿಕೆಟ್ ಬಿದ್ದಿದ್ದವು. ಅವನ್ನು ನೋಡಿದರೂ ಮುಟ್ಟಲಿಲ್ಲ. ಪೊರಕೆ ಹೊರಗೆ ಕಾರಿಡಾರಿನ ಗೋಡೆಗೆ ಒರಗಿಕೊಂಡೇ ಇತ್ತು.

ಸೀರೆಯ ಮೇಲೆ ತೊಟ್ಟಿದ್ದ ನೀಲಿ ಕೋಟಿನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮುಖ್ಯ ಗೇಟಿನ ಸೆಕ್ಯುರಿಟಿ ಬೈರೇಶ್.

"ದಾಟಿದ್ರು ಕಣಕ್ಕ."

"ನಡ್ಕೊಂಡಾ, ಆಟೋನಾ?"

"ಆಟೋ. ಅಪ್ಪ ಮಗಳು ಇಬ್ರೂ. ತಿರುಗಿ ಕೂಡ ನೋಡ್ಲಿಲ್ಲ. ಗುಡಿಸ್ಕೊ ಹೋಗಕ್ಕ."

ಮುತ್ಯಾಲಮ್ಮ ಫೋನನ್ನು ಜೇಬಿಗೆ ಹಾಕಿ, ಹೊರಗೆ ಹೋಗಿ ಪೊರಕೆ ಕೈಗೆತ್ತಿಕೊಂಡರು.

ಬೂದಿಗೆರೆಯಿಂದ ದೇವನಹಳ್ಳಿಯ ಕಡೆಗೆ ಹೋಗುವ ರಸ್ತೆಯಲ್ಲಿರುವ ಈ ಖಾಸಗಿ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲ್ ಬೇಸಿಗೆ ರಜೆಯಲ್ಲಿ ಪ್ರವಾಸಿಗರ ವಸತಿಗೃಹವಾಗುತ್ತದೆ. ಪರೀಕ್ಷೆ ಮುಗಿದು ವಿದ್ಯಾರ್ಥಿನಿಯರು ಊರಿಗೆ ಹೋದ ಮೇಲೆ ಕೋಣೆಗಳು ಇಂಟರ್‌ನೆಟ್ಟಿನಲ್ಲಿ ಬುಕಿಂಗಿಗೆ ತೆರೆದುಕೊಳ್ಳುತ್ತವೆ. ಎರಡು ಕಬ್ಬಿಣದ ಮಂಚ, ಎರಡು ಬೀರು, ಎರಡು ಓದುವ ಮೇಜು, ಒಂದು ಫ್ಯಾನು. ಬಚ್ಚಲು ಕಾರಿಡಾರಿನ ತುದಿಯಲ್ಲಿ. ಕೀಲಿಯ ಜೊತೆಗೆ ಒಂದು ಬಕೆಟ್ಟು, ಒಂದು ಮಗ್ಗು ಕೊಡುತ್ತಾರೆ. ಟೀವಿ ಇಲ್ಲ, ಟವೆಲ್ ಇಲ್ಲ. ಬೆಳಿಗ್ಗೆ ಮೆಸ್ಸಿನಲ್ಲಿ ಉಪ್ಪಿಟ್ಟೋ ಚಿತ್ರಾನ್ನವೋ ಇರುತ್ತದೆ. ಒಂಬತ್ತಾದರೆ ಪಾತ್ರೆ ತೊಳೆದಿಟ್ಟುಬಿಡುತ್ತಾರೆ. ಗೋಡೆಗಳ ಮೇಲೆ ಹುಡುಗಿಯರು ಅಂಟಿಸಿದ ಟೈಮ್‌ಟೇಬಲ್ಲುಗಳು, ಸೆಲೋಟೇಪಿನ ಗುರುತುಗಳು ಹಾಗೆಯೇ ಇರುತ್ತವೆ. ವಿಮಾನ ನಿಲ್ದಾಣದ ಸುತ್ತ ಇಷ್ಟು ಅಗ್ಗದ ಕೋಣೆ ಬೇರೆಲ್ಲೂ ಸಿಗುವುದಿಲ್ಲ ಎಂಬುದು ಗೊತ್ತಿರುವವರು ಇಲ್ಲಿಗೆ ಬರುತ್ತಾರೆ. ಮೊದಲ ಸಲ ವಿಮಾನ ಹತ್ತುವವರು, ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಕರೆತಂದವರು, ಹೊಸಕೋಟೆಯ ಕಡೆ ಮದುವೆಗೆ ಬಂದು ನೆಂಟರ ಮನೆಯಲ್ಲಿ ಜಾಗ ಸಾಲದವರು. ಶಿವಗಂಗೆ ಬೆಟ್ಟ ಹತ್ತಿ ಇಳಿದು ಮಾರನೆಯ ದಿನ ನಂದಿಗೆ ಹೋಗುವ ಗುಂಪುಗಳೂ ಉಂಟು.

ಮುತ್ಯಾಲಮ್ಮನವರಿಗೆ ಐವತ್ತು ದಾಟಿದೆ. ಮನೆ ಬೂದಿಗೆರೆಯ ಪಕ್ಕದ ಹಳ್ಳಿ. ಗಂಡ ವೆಂಕಟರಮಣಪ್ಪ ಇರುವ ಜಮೀನಿನಲ್ಲಿ ರಾಗಿ ಹಾಕುತ್ತಾರೆ, ಎರಡು ಹಸು ಕಟ್ಟಿದ್ದಾರೆ, ಡೇರಿಗೆ ಹಾಲು ಹಾಕುತ್ತಾರೆ. ಹಾಸ್ಟೆಲ್ ಶುರುವಾದಾಗಲೇ ಮುತ್ಯಾಲಮ್ಮ ಕೆಲಸಕ್ಕೆ ಸೇರಿದರು. ಈಗ ಬ್ಲಾಕಿನ ಕೀಲಿಗಳೆಲ್ಲ ಅವರ ಕೈಯಲ್ಲಿವೆ, ಅವರ ಕೆಳಗೆ ನಾಲ್ಕು ಜನ ಹೆಂಗಸರಿದ್ದಾರೆ. ಮೊದಲು ರಜೆ ಬಂತೆಂದರೆ ಇವರಿಗೆ ಕೆಲಸವೂ ಇಲ್ಲ, ಸಂಬಳವೂ ಇಲ್ಲ. ಆ ಎರಡು ತಿಂಗಳು ಗುಲಾಬಿ ಬೆಳೆಯುವ ಶೆಡ್ಡುಗಳಿಗೆ ಕೂಲಿಗೆ ಹೋಗುತ್ತಿದ್ದರು. ಕೋಣೆಗಳನ್ನು ಪ್ರವಾಸಿಗರಿಗೆ ಕೊಡಲು ಶುರುಮಾಡಿದ ಮೇಲೆ ವರ್ಷವಿಡೀ ಕೆಲಸ ಸಿಕ್ಕಿದೆ.

ಈ ಏಪ್ರಿಲ್ ಕೊನೆಯಲ್ಲಿ ಆ ಕೆಲಸಕ್ಕೆ ಕುತ್ತು ಬಂತು. ರಜೆಯ ಕೋಣೆಗಳ ನಿರ್ವಹಣೆಯನ್ನು ನಗರದ ಒಂದು ಹೌಸ್‌ಕೀಪಿಂಗ್ ಕಂಪನಿಗೆ ಒಪ್ಪಿಸುವ ಮಾತು ಆಡಳಿತ ಮಂಡಳಿಯಲ್ಲಿ ಎದ್ದಿತು. ಕಂಪನಿ ತನ್ನದೇ ಜನರನ್ನು ತರುತ್ತದೆ. ಹಾಸ್ಟೆಲ್‌ಗಳ ಮ್ಯಾನೇಜರ್ ಅನಿಲ್‌ಕುಮಾರ್ ಮುತ್ಯಾಲಮ್ಮನವರನ್ನು ಕರೆದು ಮುಚ್ಚುಮರೆ ಇಲ್ಲದೆ ಹೇಳಿದರು.

"ಮೇ ಕೊನೆಗೆ ಮೀಟಿಂಗು. ಅಲ್ಲಿವರ್ಗೂ ನಿಮ್ಮ ಬ್ಲಾಕಿಂದ ಕಂಪ್ಲೇಂಟ್ ಬರದೇ ಇದ್ರೆ ನಾನು ನಿಮ್ಮ ಪರವಾಗಿ ಮಾತಾಡ್ತೀನಿ. ಬಂದ್ರೆ ಮಾತಾಡೋಕಾಗಲ್ಲ."

"ಬರಲ್ಲ ಸಾರ್," ಎಂದು ಮುತ್ಯಾಲಮ್ಮ ಹೇಳಿ ಬಂದಿದ್ದರು.

ಅದಾದ ಕೆಲವೇ ದಿನಕ್ಕೆ ನೂರಾ ಹದಿನಾಲ್ಕಕ್ಕೆ ಹನುಮಂತರಾಯಪ್ಪ, ಗಂಗಲಕ್ಷ್ಮಮ್ಮ ದಂಪತಿ ಬಂದರು. ಇಬ್ಬರಿಗೂ ಎಪ್ಪತ್ತರ ಆಸುಪಾಸು, ಮಧುಗಿರಿಯ ಕಡೆಯವರು. ಒಂದು ತಂಡದ ಜೊತೆ ಕಾಶಿಗೆ ಹೊರಟಿದ್ದರು. ಇಬ್ಬರೂ ವಿಮಾನ ಹತ್ತುತ್ತಿದ್ದುದು ಅದೇ ಮೊದಲು. ಅವರ ಮೊಮ್ಮಗಳು ಸಿಂಚನ ಇದೇ ಹಾಸ್ಟೆಲ್ಲಿನ ಹುಡುಗಿ, ಅದೇ ಕೋಣೆಯಲ್ಲಿ ಎರಡು ವರ್ಷದಿಂದ ಇರುವವಳು. ರಜೆಗೆ ಮೈಸೂರಿನಲ್ಲಿ ಪ್ರಾಜೆಕ್ಟು ಎಂದು ಹೋಗಿದ್ದವಳು ಅಲ್ಲಿಂದಲೇ ಬುಕಿಂಗ್ ಮಾಡಿ ಮುತ್ಯಾಲಮ್ಮನವರಿಗೆ ಫೋನ್ ಹಚ್ಚಿದ್ದಳು: "ಆಂಟಿ, ನನ್ನ ರೂಮೇ ಕೊಡಿ. ಅಜ್ಜಿಗೆ ನೋಡ್ಬೇಕಂತೆ."

ಗಂಗಲಕ್ಷ್ಮಮ್ಮ ಮೊಮ್ಮಗಳ ಬೀರುವಿನ ಬಾಗಿಲಿಗೆ ಅಂಟಿಸಿದ್ದ ಹೆಸರಿನ ಚೀಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮಂಚದ ಮೇಲೆ ಕೂತು ಅದರ ಅಲುಗಾಟ ಪರೀಕ್ಷಿಸಿದರು.

"ಇದ್ರಲ್ಲೇ ಮಲಗ್ತಾಳಾ?"

"ಇದ್ರಲ್ಲೇ ಅಮ್ಮ. ಕಿಟಕಿ ಕಡೆ ತಲೆ ಹಾಕ್ಕೊಂಡು."

ಮಾರನೆಯ ದಿನ ವಿಮಾನ ಇದ್ದದ್ದು ಮಧ್ಯಾಹ್ನಕ್ಕೆ. ಆದರೂ ಬೆಳಿಗ್ಗೆ ಹತ್ತಕ್ಕೆಲ್ಲ ಇಬ್ಬರೂ ಚೀಲ ಹಿಡಿದು ಹೊರಗೆ ನಿಂತಿದ್ದರು. ಆಟೋ ಬಂತು. ಹತ್ತುವ ಮೊದಲು ಗಂಗಲಕ್ಷ್ಮಮ್ಮ ತಿರುಗಿ ಬಂದು ಮುತ್ಯಾಲಮ್ಮನವರ ಕೈ ಹಿಡಿದುಕೊಂಡರು.

"ನಾವು ಹೋದ ತಕ್ಷಣ ರೂಮು ಗುಡಿಸ್ಬಿಡ್ತೀಯೇನಮ್ಮ?"

"ಇಲ್ಲ ಅಮ್ಮ. ನೀವು ವಿಮಾನ ಹತ್ತಿದ ಮೇಲೇನೇ ಪೊರಕೆ ಮುಟ್ಟೋದು."

ಮನೆಯಿಂದ ಯಾರಾದರೂ ಪ್ರಯಾಣ ಹೊರಟರೆ ಅವರ ಬೆನ್ನಿಗೇ ಕಸ ಗುಡಿಸಬಾರದು ಎಂಬುದು ಈ ಕಡೆಯ ಮನೆಗಳಲ್ಲಿ ಯಾರೂ ಕಲಿಸದೆಯೇ ಬರುವ ನಡವಳಿಕೆ. ಮುತ್ಯಾಲಮ್ಮನವರ ಅತ್ತೆ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಬಸ್ಸು ಅರಳಿಕಟ್ಟೆಯ ತಿರುವು ದಾಟಿ ಕಣ್ಮರೆಯಾದ ಮೇಲೆ "ಹೂಂ, ಇನ್ನು ಮುಟ್ಟು" ಎನ್ನುತ್ತಿದ್ದರು. ಹಾಸ್ಟೆಲ್ಲಿನಲ್ಲೂ ಮುತ್ಯಾಲಮ್ಮ ಇದನ್ನು ಬಿಟ್ಟಿರಲಿಲ್ಲ. ಯುಗಾದಿಗೋ ದಸರೆಗೋ ಹುಡುಗಿಯರು ಊರಿಗೆ ಹೊರಟರೆ ಕೋಣೆಗಳನ್ನು ಮಾರನೆಯ ಬೆಳಿಗ್ಗೆ ಗುಡಿಸುತ್ತಿದ್ದರು. ಎಲ್ಲರೂ ಒಟ್ಟಿಗೆ ಹೋಗುವವರು, ಅವರ ಹಿಂದೆ ಯಾರೂ ಬರುವವರಿಲ್ಲ. ಹಾಗಾಗಿ ಆ ತಡ ಯಾರ ಕಣ್ಣಿಗೂ ಬೀಳಲಿಲ್ಲ. ಪ್ರವಾಸಿಗರ ಕೋಣೆಗಳ ಲೆಕ್ಕ ಬೇರೆ. ಒಬ್ಬರು ಹೊರಟ ಬೆನ್ನಿಗೇ ಇನ್ನೊಬ್ಬರು ಬರುತ್ತಾರೆ. ಅಲ್ಲಿಯೂ ಮುತ್ಯಾಲಮ್ಮ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಬಿಟ್ಟು ಗುಡಿಸಿ ಹೇಗೋ ಸರಿದೂಗಿಸಿದ್ದರು. ಆದರೆ ಈ ಸಲ ಮಾತು ಕೊಟ್ಟಿದ್ದು ವಿಮಾನ ಹತ್ತುವ ತನಕ.

ಹನ್ನೊಂದೂವರೆಗೆ ಅವರ ಕೈಕೆಳಗಿನ ರೂಪ ಕೋಣೆಯ ಬಾಗಿಲಲ್ಲಿ ನಿಂತಳು. ಉಳಿದ ಕೋಣೆಗಳೆಲ್ಲ ಪ್ರವೇಶ ಪರೀಕ್ಷೆಯವರಿಂದ ತುಂಬಿದ್ದವು.

"ಅಕ್ಕ, ಹತ್ತಕ್ಕೇ ಹೋದ್ರಲ್ಲ ಅವರು. ಗುಡಿಸ್ಬಿಡ್ಲಾ?"

"ಇನ್ನೂ ಹತ್ತಿಲ್ಲ ಕಣೇ."

"ಹತ್ತಿದ್ದು ನಿಂಗೆ ಹೆಂಗೆ ಗೊತ್ತಾಗತ್ತೆ?"

"ಮೇಲೆ ಹೋಗತ್ತಲ್ಲ."

ರೂಪ ಕಿಟಕಿಯಿಂದ ಆಕಾಶ ನೋಡಿದಳು. "ಗಳಿಗೆಗೊಂದು ಹೋಗತ್ತೆ. ಅದ್ರಲ್ಲಿ ಅವರದ್ಯಾವುದು ಅಂತ ಕೈ ಬೀಸಿ ಹೇಳ್ತಾರಾ?"

"ಬಾಯಿ ಮುಚ್ಕೊಂಡು ಬಕೆಟ್ ತೊಳಿ ಹೋಗು."

ಮುತ್ಯಾಲಮ್ಮ ಹನುಮಂತರಾಯಪ್ಪನವರ ಫೋನಿಗೆ ಮಾಡಿ ನೋಡಿದರು. ಸ್ವಿಚ್ ಆಫ್. ವಿಮಾನ ನಿಲ್ದಾಣದ ಬಾಗಿಲಲ್ಲೇ ಫೋನ್ ಆರಿಸಬೇಕೆಂದು ಅವರಿಗೆ ಯಾರೋ ಹೇಳಿದ್ದರು ಎಂಬುದು ಆಮೇಲೆ ತಿಳಿಯಿತು.

ಹನ್ನೆರಡಕ್ಕೆ ಕೋಣೆ ಬುಕ್ ಆಗಿದ್ದ ಸಿಂಧು ಬಂದರು. ಹುಬ್ಬಳ್ಳಿಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಊರೆಲ್ಲ ಸುತ್ತಿ, ಮದುವೆಯೊಂದಕ್ಕೆ ಬಟ್ಟೆ ತಂದು, ಕಂಕುಳಲ್ಲಿ ಮಗು, ಜೊತೆಗೆ ಅತ್ತೆ. ಬಾಗಿಲಲ್ಲಿ ನಿಂತು ಒಳಗಿನ ನೆಲ ನೋಡಿದರು.

"ಯಾಕ್ರೀ, ಇನ್ನೂ ಕಸಾನೇ ಹೊಡದಿಲ್ಲಲ್ರೀ?"

"ಸ್ವಲ್ಪ ಹೊತ್ತು ಕೂತ್ಕೊಳ್ಳಮ್ಮ. ಅವರಿನ್ನೂ ಹೋಗ್ತಾ ಇದಾರೆ."

"ಯಾರು ಹೋಗ್ಲಿಕತ್ತಾರ? ಒಳಗ ಯಾರೂ ಇಲ್ಲಲ್ಲ?"

"ಇಲ್ಲಿಂದ ಹೋದ್ರು. ಅಲ್ಲಿ ಇನ್ನೂ ಹತ್ತಿಲ್ಲ."

ಸಿಂಧು ಅತ್ತೆಯ ಮುಖ ನೋಡಿದರು. ಮೂವರೂ ಮೆಟ್ಟಿಲ ಮೇಲೆ ಕೂತರು. ಮುತ್ಯಾಲಮ್ಮ ಮೆಸ್ಸಿನಿಂದ ಟೀ ತಂದುಕೊಟ್ಟರು, ಮಗುವಿಗೆ ಹಾಲು ಬಿಸಿ ಮಾಡಿಸಿ ತಂದರು. ಮಗು ಹಾಲು ಕುಡಿದು ಮೆಟ್ಟಿಲ ಮೇಲೆಯೇ ನಿದ್ದೆ ಹೋಯಿತು. ಒಂದು ಗಂಟೆಯಾದ ಮೇಲೆ ಸಿಂಚನಳ ಫೋನ್ ಬಂತು: "ಆಂಟಿ, ಹತ್ತಿದ್ರಂತೆ. ಸೀಟಲ್ಲಿ ಕೂತ್ಕೊಂಡು ತಾತ ಫೋನ್ ಆನ್ ಮಾಡಿ ಹೇಳಿದ್ರು. ಅಜ್ಜಿ ಕಣ್ಮುಚ್ಕೊಂಡು ಕೂತಿದಾರಂತೆ." ಮುತ್ಯಾಲಮ್ಮ ಆಗ ಗುಡಿಸಿದರು, ಒರೆಸಿದರು.

ಸಂಜೆಯೊಳಗೆ ಸಿಂಧು ಬರೆದದ್ದು ಬುಕಿಂಗ್ ಪುಟದಲ್ಲಿ ಬಂದಿತ್ತು. ಕೋಣೆ ಚಿಕ್ಕದಾದರೂ ಗಾಳಿ ಬೆಳಕು ಇದೆ, ಜನ ಒಳ್ಳೆಯವರು. ಆದರೆ ಸಣ್ಣ ಮಗು, ವಯಸ್ಸಾದವರ ಜೊತೆ ಒಂದು ಗಂಟೆಗೂ ಹೆಚ್ಚು ಹೊತ್ತು ಮೆಟ್ಟಿಲ ಮೇಲೆ ಕೂರಿಸಿದರು, ಕಾರಣ ಕೇಳಿದರೆ ಅರ್ಥವಾಗುವ ಹಾಗೆ ಹೇಳಲಿಲ್ಲ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಅನಿಲ್‌ಕುಮಾರ್ ಕಾರಣ ಕೇಳಿ ಹಾಸ್ಟೆಲ್ಲಿಗೆ ಫೋನ್ ಮಾಡಿದಾಗ ಮುತ್ಯಾಲಮ್ಮ ಮೇಲಿನ ಮಹಡಿಯಲ್ಲಿದ್ದರು. ಫೋನ್ ಎತ್ತಿದ್ದು ರೂಪ. ಅವಳು ಒಂದು ಕ್ಷಣವೂ ಯೋಚಿಸದೆ "ನೀರು ಬಂದಿರಲಿಲ್ಲ ಸಾರ್" ಎಂದುಬಿಟ್ಟಳು. ಅನಿಲ್‌ಕುಮಾರ್ "ಸರಿ" ಎಂದು ಫೋನ್ ಇಟ್ಟರು. ರೂಪ ಓಡಿಬಂದು ಹೇಳಿದಳು: "ಮುಗೀತು ಅಕ್ಕ. ನಮ್ಮ ತಲೆ ಮೇಲೆ ಬರಲ್ಲ."

ಅದು ಬಂದದ್ದು ಪಂಪು ನೋಡಿಕೊಳ್ಳುವ ಚಲಪತಿಯ ತಲೆ ಮೇಲೆ. ಮಾರನೆಯ ಬೆಳಿಗ್ಗೆ ಅವನು ಹಾಸ್ಟೆಲ್ಲಿನ ಹಿಂದಿನ ಟ್ಯಾಂಕಿನ ಹತ್ತಿರ ನಿಂತಿದ್ದ, ಸಿಟ್ಟೂ ಇತ್ತು, ಗೊಂದಲವೂ ಇತ್ತು.

"ಅಲ್ಲ ಮುತ್ಯಾಲಕ್ಕ, ನಿನ್ನೆ ಬೆಳಿಗ್ಗೆನೇ ನಾನು ಟ್ಯಾಂಕ್ ತುಂಬಿಸಿದ್ದೆ. ಪೈಪೆಲ್ಲಾದ್ರೂ ಕಟ್ಕೊಂಡಿತ್ತಾ? ಆಫೀಸಿಗೆ ಬಾ ಅಂದಿದಾರೆ. ಬರೆದುಕೊಡ್ಬೇಕಂತೆ."

ಮುತ್ಯಾಲಮ್ಮ ಕೈ ತೊಳೆದುಕೊಂಡು, ನೀಲಿ ಕೋಟು ಬಿಚ್ಚಿ ಮಡಚಿ ರೂಪಳ ಕೈಗೆ ಕೊಟ್ಟು ಆಫೀಸಿಗೆ ನಡೆದರು. ರೂಪ ಹಿಂದೆಯೇ ಬಂದಳು.

"ಅಕ್ಕ, ನೀನು ಹೇಳಿದ್ರೆ ನಾವೈದು ಜನಾನೂ ಮನೆಗೆ. ಅವನಿಗಾದ್ರೆ ಒಂದು ಬೈಗುಳ, ಅಷ್ಟೇ."

"ಮಾಡ್ದೇ ಇರೋದಕ್ಕೆ ಯಾಕೆ ಬೈಸ್ಕೋಬೇಕು ಅವನು?"

ಅನಿಲ್‌ಕುಮಾರ್ ದೊಡ್ಡಬಳ್ಳಾಪುರದವರು, ನಲವತ್ತು ದಾಟಿದವರು, ದನಿ ಎತ್ತಿ ಮಾತಾಡುವವರಲ್ಲ. ಮುತ್ಯಾಲಮ್ಮ ಬಾಗಿಲಲ್ಲೇ ನಿಂತು ಹೇಳಿದರು.

"ನೀರು ಬಂದಿತ್ತು ಸಾರ್. ನಾನೇ ಗುಡಿಸ್ಲಿಲ್ಲ."

"ಯಾಕೆ?"

"ಹೊರಟಿದ್ರಲ್ಲ ಸಾರ್. ವಯಸ್ಸಾದೋರು. ವಿಮಾನ ಹತ್ತೋ ತನಕ ಮುಟ್ಟಲ್ಲ ಅಂದಿದ್ದೆ."

ಅನಿಲ್‌ಕುಮಾರ್ ಪೆನ್ನು ಕೆಳಗಿಟ್ಟರು. ಅವರಿಗೆ ವಿವರಿಸುವ ಅಗತ್ಯವಿರಲಿಲ್ಲ. "ನಮ್ಮಮ್ಮನೂ ಹಂಗೇ," ಎಂದರು. "ನಾನು ಬೈಕ್ ಹತ್ತಿ ಮೂಲೆ ತಿರುಗೋ ತನಕ ಪೊರಕೆ ಎತ್ತಲ್ಲ. ಆದ್ರೆ ನಮ್ಮಮ್ಮನ ಮನೆಗೆ ಹನ್ನೆರಡು ಗಂಟೆಗೆ ಯಾರೂ ಬುಕಿಂಗ್ ಮಾಡಿ ಬರಲ್ಲ, ಮುತ್ಯಾಲಮ್ಮ."

"ಹೂಂ ಸಾರ್."

"ಎಲ್ಲಿ ತನಕ ಹೋಗ್ಬೇಕು ಅವರು? ನಿಮ್ಮ ಲೆಕ್ಕದಲ್ಲಿ?"

"ಊರು ದಾಟ್ಬೇಕು."

"ಇದ್ಯಾವ ಊರು?"

ಮುತ್ಯಾಲಮ್ಮ ಬಾಗಿಲಿನಿಂದ ಹೊರಗೆ ನೋಡಿದರು. ಕ್ಯಾಂಪಸ್ಸು ಎರಡು ಹಳ್ಳಿಗಳ ಹೊಲಗಳ ಮೇಲೆ ಕೂತಿದೆ. ಅರಳಿಕಟ್ಟೆ ಇಲ್ಲ, ಊರ ಬಾಗಿಲಿಲ್ಲ. ಗೇಟಿನಾಚೆ ರಸ್ತೆ, ರಸ್ತೆಯಾಚೆ ಅಪಾರ್ಟ್‌ಮೆಂಟು.

"ಕಂಪ್ಲೇಂಟ್ ನಾನು ಅಳಿಸೋಕಾಗಲ್ಲ," ಎಂದರು ಅನಿಲ್‌ಕುಮಾರ್. "ಮೀಟಿಂಗಲ್ಲಿ ಅದು ಬರತ್ತೆ. ಇನ್ನು ಮೂರು ವಾರ ಇದೆ. ಇದಕ್ಕೆ ಏನಾದ್ರೂ ದಾರಿ ನೋಡಿ. ಗುಡಿಸಲೇಬೇಕು. ಯಾವಾಗ ಅನ್ನೋದು ನೀವೇ ಹೇಳಿ, ಆದ್ರೆ ಒಂದು ಗಂಟೆ ಮೆಟ್ಟಿಲ ಮೇಲೆ ಕೂರ್ಸೋದು ಬೇಡ."

ಆ ಸಂಜೆ ಮುತ್ಯಾಲಮ್ಮ ಇದನ್ನು ಗಂಡನ ಮುಂದಿಟ್ಟರು. ವೆಂಕಟರಮಣಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನಗುತ್ತಾರೆಂದು ಮುತ್ಯಾಲಮ್ಮ ಅಂದುಕೊಂಡಿದ್ದರು, ಅವರು ನಗಲಿಲ್ಲ.

"ನಮ್ಮವ್ವ ಅರಳಿಕಟ್ಟೆ ತನಕ ಯಾಕೆ ಕಾಯ್ತಿದ್ಲು ಗೊತ್ತಾ? ಅಲ್ಲಿ ತನಕ ಕೂಗಿದ್ರೆ ಕೇಳ್ತಿತ್ತು. ಏನಾದ್ರೂ ಮರ್ತಿದ್ರೆ ಕೂಗಿ ಕರೀಬಹುದಿತ್ತು. ಕೂಗು ಕೇಳೋವಷ್ಟು ದೂರ ಇರೋರು ಇನ್ನೂ ಮನೇಲೇ ಇದ್ದಂಗೆ. ಅದರಾಚೆಗೆ ಹೋದ್ರೆ ಹೋದ್ರು."

"ಈಗ ಫೋನಲ್ಲಿ ಕಾಶೀಲಿದ್ರೂ ಕೇಳತ್ತಲ್ಲ."

"ಹಂಗಾದ್ರೆ ನೀನು ಜನ್ಮದಲ್ಲೇ ಗುಡಿಸ್ಬೇಡ," ಎಂದು ಅವರು ಒಳಗೆ ಹೋದರು.

ಮಾರನೆಯ ದಿನ ಕೆಲಸ ಶುರುವಾಗುವ ಮೊದಲು ಮುತ್ಯಾಲಮ್ಮ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ನಿಂತು ರೂಪಳನ್ನು ಗೇಟಿನ ಕಡೆಗೆ ಕಳಿಸಿದರು. ಮೆಸ್ಸಿನ ಮುಂದೆ ನಿಂತ ರೂಪಳನ್ನು ಕೂಗಿದರು. ಅವಳು ಕೈ ಎತ್ತಿದಳು. ಲೈಬ್ರರಿಯ ತಿರುವಿನಲ್ಲಿ ಕೂಗಿದರು. ಅಲ್ಲಿಂದಲೂ ಕೈ ಎತ್ತಿದಳು. ಅವಳು ಗೇಟು ದಾಟಿ ರಸ್ತೆಯ ಬದಿಗೆ ಹೋಗಿ ನಿಂತಳು. ಮುತ್ಯಾಲಮ್ಮ ಎರಡು ಸಲ ಜೋರಾಗಿ ಕೂಗಿದರು. ರೂಪ ಲಾರಿಗಳನ್ನು ನೋಡುತ್ತ ನಿಂತಿದ್ದಳು, ಅಲುಗಲಿಲ್ಲ. ಹೆದರಿ ಮುತ್ಯಾಲಮ್ಮನವರಿಗೆ ಫೋನ್ ಮಾಡಿದ್ದು ಬೈರೇಶ್.

"ಏನಕ್ಕ, ಹಾವೇನಾದ್ರೂ ಬಂತಾ? ಇಲ್ಲಿಗಂಟ ಏನೋ ಕೂಗು ಕೇಳ್ದಂಗಾಯ್ತು."

"ನೀನು ಗೇಟಿನ ಒಳಗಿದೀಯೋ ಹೊರಗೋ?"

"ಒಳಗೇ."

"ಸರಿಹೋಯ್ತು ಬಿಡು."

ಅಂದಿನಿಂದ ಕೆಲಸದ ಕ್ರಮ ಬದಲಾಯಿತು. ಬಂದವರು ಕೀಲಿ ಕೊಟ್ಟು ಹೊರಟ ಕೂಡಲೇ ಹಾಸು ತೆಗೆಯುವುದು, ಬಕೆಟ್ಟು ತೊಳೆಯುವುದು, ಮೇಜು ಕಿಟಕಿ ಒರೆಸುವುದು. ಪೊರಕೆ ಕೊನೆಗೆ, ಬೈರೇಶನ ಫೋನ್ ಬಂದ ಮೇಲೆ. ಬೈರೇಶ್ ಮೊದಲ ಎರಡು ದಿನ ಇದನ್ನು ಆಡಿಕೊಂಡ. "ನಾನೇನು ಗುಡಿಸೋ ಇನ್ಸ್‌ಪೆಕ್ಟರಾ" ಎಂದ. ಆಮೇಲೆ ಅವನಿಗೇ ಅದು ರೂಢಿಯಾಯಿತು. ಯಾರಾದರೂ ಗೇಟಿನ ಹತ್ತಿರ ಕ್ಯಾಬಿಗೆ ಕಾಯುತ್ತ ನಿಂತರೆ ಅವರನ್ನು ನಯವಾಗಿ ಹೊರಗಿನ ನೆರಳಿಗೆ ಕಳಿಸತೊಡಗಿದ. ಮೂರು ವಾರಗಳಲ್ಲಿ ಯಾರೂ ಮೆಟ್ಟಿಲ ಮೇಲೆ ಕೂರಲಿಲ್ಲ.

ಸಭೆ ಮೇ ಕೊನೆಗೆ ನಡೆಯಿತು. ಸಿಂಧು ಬರೆದದ್ದನ್ನು ಅಲ್ಲಿ ಓದಿದರು. ಅನಿಲ್‌ಕುಮಾರ್ ಅದನ್ನು ಅಲ್ಲಗಳೆಯಲಿಲ್ಲ. ಅದರ ನಂತರ ಬಂದವರು ಬರೆದದ್ದನ್ನೂ ಓದಿದರು. ಚಲಪತಿಯಿಂದ ಏನನ್ನೂ ಬರೆಸಿಕೊಳ್ಳಲಿಲ್ಲ. ಹೀಗೆಯೇ ಪ್ರವಾಸಿಗರಿಗೆ ಕೊಡುತ್ತಿದ್ದ ಗಂಡುಮಕ್ಕಳ ಎರಡು ಬ್ಲಾಕುಗಳ ರಜೆಯ ನಿರ್ವಹಣೆ ಕಂಪನಿಗೆ ಹೋಯಿತು. ಅಲ್ಲಿ ಕೆಲಸ ಮಾಡುತ್ತಿದ್ದವರು ಜೂನ್ ಪೂರ್ತಿ ಮನೆಯಲ್ಲಿರಬೇಕು. ಹೆಣ್ಣುಮಕ್ಕಳ ಬ್ಲಾಕು ಈ ಬೇಸಿಗೆ ಮುಗಿಯುವವರೆಗೆ ಈಗಿರುವವರ ಕೈಯಲ್ಲೇ ಇರುತ್ತದೆ, ಬರುವ ಏಪ್ರಿಲ್‌ನಲ್ಲಿ ಮತ್ತೆ ನೋಡೋಣ ಎಂದು ತೀರ್ಮಾನವಾಯಿತು. ಕೋಣೆ ಸಿಗುವ ಹೊತ್ತನ್ನು ಹನ್ನೆರಡರಿಂದ ಒಂದಕ್ಕೆ ಬದಲಾಯಿಸಿದರು. ಸಿಂಧು ಬರೆದದ್ದು ಬುಕಿಂಗ್ ಪುಟದಲ್ಲಿ ಹಾಗೆಯೇ ಇದೆ.

ಮುತ್ಯಾಲಮ್ಮ ಆ ದಿನ ಗಂಡುಮಕ್ಕಳ ಬ್ಲಾಕಿನ ಹೆಂಗಸರ ಎದುರಿಗೆ ಟೀಗೆ ಹೋಗಲಿಲ್ಲ. ಕಾರಿಡಾರಿನಲ್ಲೇ ಕೂತು ಕುಡಿದರು.

ಜೂನ್ ಮೊದಲ ವಾರ ಹನುಮಂತರಾಯಪ್ಪ, ಗಂಗಲಕ್ಷ್ಮಮ್ಮ ಹಿಂದಿರುಗಿದರು. ಕಾಶಿಯಾದ ಮೇಲೆ ತಂಡ ಇನ್ನೂ ಎರಡು ಮೂರು ಕ್ಷೇತ್ರ ಸುತ್ತಿಸಿ, ಕೊನೆಗೆ ಒಂದಿಬ್ಬರಿಗೆ ಜ್ವರ ಬಂದು ದಿನಗಳು ಉದ್ದವಾಗಿದ್ದವು. ವಿಮಾನ ಇಳಿದದ್ದು ಸಂಜೆ. ಊರಿಗೆ ಹೋಗಲು ಹೊತ್ತಾಯಿತೆಂದು ಅದೇ ಕೋಣೆ ಕೇಳಿ ಬಂದರು. ಗಂಗಲಕ್ಷ್ಮಮ್ಮ ಬಾಯಿ ಬೆಸೆದ ಒಂದು ಸಣ್ಣ ತಾಮ್ರದ ಗಿಂಡಿಯಲ್ಲಿ ಗಂಗೆಯ ನೀರು, ಒಂದು ಕರಿ ದಾರ ಕೊಟ್ಟರು.

ಬೆಳಿಗ್ಗೆ ಹೊರಡುವಾಗ ಅವರು ಮತ್ತೆ ಕೈ ಹಿಡಿದುಕೊಂಡರು.

"ಹೋದ್ಸಲ ನೀನು ವಿಮಾನ ಹತ್ತೋ ತನಕ ಗುಡಿಸ್ಲಿಲ್ಲವಂತೆ. ಸಿಂಚನ ಹೇಳಿದ್ಲು. ಅದಕ್ಕೇ ನೋಡು, ಜ್ವರ ಬಂದಿದ್ದು ಬೇರೆಯೋರಿಗೆ, ನಮಗೇನೂ ಆಗ್ಲಿಲ್ಲ. ಈಗ ಮಧುಗಿರಿ ಬಸ್ ಹತ್ತೋ ತನಕ ಹಂಗೇ ಬಿಟ್ಟಿರು ತಾಯಿ."

ಮುತ್ಯಾಲಮ್ಮ ಇನ್ನೊಂದು ಕೈಯನ್ನು ಅವರ ಕೈಯ ಮೇಲಿಟ್ಟರು.

"ಆಗಲ್ಲ ಅಮ್ಮ. ಒಂದು ಗಂಟೆಗೆ ಬೇರೆಯೋರು ಬರ್ತಾರೆ. ನೀವು ಗೇಟು ದಾಟೋ ತನಕ ಮುಟ್ಟಲ್ಲ."

"ಗೇಟು ಸಾಕಾ?"

"ಅಲ್ಲಿಂದಾಚೆ ನನ್ನ ಕೂಗು ಕೇಳಲ್ಲ ಅಮ್ಮ. ಕೂಗಿ ನೋಡಿದೀನಿ."

ಗಂಗಲಕ್ಷ್ಮಮ್ಮ ಗೇಟಿನ ಕಡೆ ಒಮ್ಮೆ ನೋಡಿದರು, ಅಳೆಯುವ ಹಾಗೆ. "ಆಗ್ಲಿ ಬಿಡು," ಎಂದರು. ಆಮೇಲೆ ಗಂಡನ ಕಡೆ ತಿರುಗಿದರು. "ನಡೀರಿ ಮತ್ತೆ. ನಿಮ್ಮ ಮೊಣಕಾಲು ಹಿಡ್ಕೊಂಡು ನಿಂತ್ರೆ ಆ ಹೆಣ್ಣುಮಗಳ ಕೆಲಸ ಕೆಡತ್ತೆ."

"ಆಟೋ ಬೇಡ ಅಂದೋಳು ನೀನೇ ಅಲ್ವಾ," ಎಂದು ಹನುಮಂತರಾಯಪ್ಪ ಚೀಲ ಎತ್ತಿದರು.

ಇಬ್ಬರೂ ನಿಧಾನಕ್ಕೆ ಮೆಸ್ಸು ದಾಟಿ, ಲೈಬ್ರರಿಯ ತಿರುವಿನಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಂಡು ಮುಂದೆ ಹೋದರು. ಮುತ್ಯಾಲಮ್ಮ ಹಾಸು ತೆಗೆದು, ಮೇಜು ಒರೆಸಿ, ಕಿಟಕಿ ತೆರೆದು, ಗಿಂಡಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಕಾದರು. ಬೈರೇಶನ ಫೋನ್ ಬಂತು. ಗುಡಿಸಿದರು.

ಒಂದು ಗಂಟೆಗೆ ರಾಯಚೂರಿನಿಂದ ಇಬ್ಬರು ಅಕ್ಕತಂಗಿಯರು ಬಂದು ಕೀಲಿ ತೆಗೆದುಕೊಂಡರು. ಜೂನ್ ಕೊನೆಗೆ ಪ್ರವಾಸಿಗರ ಬುಕಿಂಗ್ ಮುಚ್ಚುತ್ತದೆ. ಜುಲೈ ಮೊದಲ ಸೋಮವಾರ ಹುಡುಗಿಯರು ಬರುತ್ತಾರೆ, ನೂರಾ ಹದಿನಾಲ್ಕು ಮತ್ತೆ ಸಿಂಚನಳ ಕೋಣೆಯಾಗುತ್ತದೆ.